ವೋಲ್ಟೇಜ್ ಕಾರಣ ಹೇಳಿ ಎಸ್‌ಎಂಪಿಎಸ್‌ಗೆ ವಾರಂಟಿ ನಿರಾಕರಿಸಿದ್ದಾರೆ. ಕೈಯಲ್ಲಿರುವುದು ಕಚ್ಚಾ ಬಿಲ್ ಮಾತ್ರ

ಪ್ರಶ್ನೆ: ಡಿಟಿಪಿ ಕೆಲಸದವರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲಿಯೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಪತ್ರಿಕೆ, ಜವಳದ ಕಾರ್ಡು, ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧ, ಜಾತ್ರೆಯ ಕರಪತ್ರ ಇವೇ ನನ್ನ ಜೀವನಾಧಾರ. ಇರುವುದು ಒಂದೇ ಕಂಪ್ಯೂಟರ್. ನಾನು ಹೊರಗೆ ಹೋದಾಗ ಹೆಂಡತಿ ಅಕ್ಷರ ಜೋಡಣೆಗೆ ಕೂರುತ್ತಾಳೆ.

2024ರ ಫೆಬ್ರವರಿಯಲ್ಲಿ ನಗರದ ಒಂದು ಅಂಗಡಿಯಿಂದ ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ 550 ವ್ಯಾಟ್‌ನ ಎಸ್‌ಎಂಪಿಎಸ್ ಅನ್ನು 4,900 ರೂಪಾಯಿಗೆ ಕೊಂಡೆ. ಪಕ್ಕಾ ಬಿಲ್ ಬೇಕಿದ್ದರೆ ಅದರ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ ಬೀಳುತ್ತದೆ ಎಂದು ಅಂಗಡಿಯವರು ಹೇಳಿದ್ದರಿಂದ, ಉಳಿತಾಯದ ಆಸೆಗೆ ನಾನು ಕಚ್ಚಾ ಬಿಲ್‌ಗೆ ಒಪ್ಪಿಕೊಂಡೆ. ಆ ಚೀಟಿಯ ಮೇಲೆ ಅಂಗಡಿಯ ಮೊಹರು, ದಿನಾಂಕ, ಮಾಡೆಲ್‌ನ ಹೆಸರು ಮತ್ತು ಪೆನ್ನಿನಿಂದ ಬರೆದ "3 ವರ್ಷ ವಾರಂಟಿ" ಎಂಬ ಮಾತು ಇವೆ. ಸೀರಿಯಲ್ ನಂಬರ್ ಇಲ್ಲ. ಕೆಳಗಡೆ "ಒಮ್ಮೆ ಮಾರಿದ ಮಾಲನ್ನು ಮರಳಿ ಪಡೆಯುವುದಿಲ್ಲ" ಎಂದು ಅಚ್ಚಾಗಿದೆ. ಹಣವನ್ನು ಫೋನಿನಿಂದ ಯುಪಿಐ ಮೂಲಕ ಕೊಟ್ಟಿದ್ದೇನೆ. ಪೆಟ್ಟಿಗೆಯನ್ನು ಎಸೆದಿಲ್ಲ.

2025ರ ಮೇ ತಿಂಗಳಲ್ಲಿ, ಮದುವೆಗಳ ಭರಾಟೆಯ ನಡುವೆ, ಒಂದು ಸಂಜೆ ಕಂಪ್ಯೂಟರ್ ತಾನಾಗಿ ಆರಿಹೋಯಿತು. ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದಾಗ ಮದರ್‌ಬೋರ್ಡ್ ಸಹಿತ ಉಳಿದುದೆಲ್ಲವೂ ಸರಿಯಾಗಿತ್ತು. ಅಂಗಡಿಯವರು ಕೆಟ್ಟದ್ದನ್ನು ತೆಗೆದುಕೊಂಡು, ಕಂಪನಿಯ ಸರ್ವಿಸ್ ಸೆಂಟರ್ ಹೈದರಾಬಾದಿನಲ್ಲಿದೆ, ಹದಿನೈದು ದಿನಗಳಲ್ಲಿ ಬರುತ್ತದೆ ಎಂದರು. ಜೂನ್ ಕಳೆಯಿತು, ಜುಲೈ ಕಳೆಯಿತು, ನಾನು ಕೆಲಸ ನಿಲ್ಲಬಾರದೆಂದು ಬೇರೊಂದನ್ನು ಕೊಂಡೂ ಆಯಿತು. ಆಗಸ್ಟ್ ಕೊನೆಗೆ ಹಳೆಯದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮರಳಿಸಿ, "ವೋಲ್ಟೇಜ್ ಹೊಡದದ ನೋಡ್ರಿ, ಇದಕ್ಕ ವಾರಂಟಿ ಬರಂಗಿಲ್ರಿ" ಎಂದು ಹೇಳಿ ಕಳುಹಿಸಿದರು. ಕಾಗದ ಕೇಳಿದ್ದಕ್ಕೆ, ಕಂಪನಿಯವರು ಫೋನಿನಲ್ಲಿಯೇ ಹೇಳಿದ್ದಾರೆ, ಕಾಗದವೇನೂ ಕೊಟ್ಟಿಲ್ಲ ಎಂದರು.

ನನ್ನ ಮನೆಯಲ್ಲಿ ಕಂಪ್ಯೂಟರಿಗೆ ಯುಪಿಎಸ್ ಇದೆ. ಅದೇ ಯುಪಿಎಸ್‌ಗೆ ಜೋಡಿಸಿದ್ದ ಮಾನಿಟರ್ ಇಂದಿಗೂ ಚೆನ್ನಾಗಿದೆ. ಆ ದಿನ ಮನೆಯಲ್ಲಿ ಒಂದು ಬಲ್ಬ್ ಕೂಡ ಹೋಗಿಲ್ಲ. ಹೀಗಿರುವಾಗ ವೋಲ್ಟೇಜ್ ಹೆಚ್ಚಾಯಿತು ಎಂಬ ಒಂದು ಮಾತಿನಿಂದ ಮೂರು ವರ್ಷದ ವಾರಂಟಿ ಇಲ್ಲವಾಗುತ್ತದೆಯೇ? ಕಚ್ಚಾ ಬಿಲ್ ಇಟ್ಟುಕೊಂಡು ಗ್ರಾಹಕರ ಆಯೋಗಕ್ಕೆ ಹೋಗಲು ಸಾಧ್ಯವೇ? 4,900 ರೂಪಾಯಿಗಾಗಿ ಇಷ್ಟೆಲ್ಲ ಓಡಾಡುವುದು ತಕ್ಕದ್ದೇ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಉತ್ತರ: ರಿಪೇರಿ ಕೆಲಸದವರು, ಬೀದರ್

ಕಾನೂನಿನ ಮಾತನ್ನು ಬಲ್ಲವರು ಹೇಳಲಿ. ನಾನು ಬೀದರಿನಲ್ಲಿ ಅನೇಕ ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿರುವುದರಿಂದ, "ವೋಲ್ಟೇಜ್ ಹೊಡೆದಿದೆ" ಎಂಬ ಮಾತನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ಎಸ್‌ಎಂಪಿಎಸ್‌ನ ಮೈಮೇಲಿನ ಚೀಟಿಯನ್ನು ಓದಿರಿ. ಆಕ್ಟಿವ್ ಪಿಎಫ್‌ಸಿ (ಒಳಬರುವ ವಿದ್ಯುತ್ತನ್ನು ಹದಗೊಳಿಸುವ ಸರ್ಕ್ಯೂಟ್) ಇರುವ ಬಹುತೇಕ ಎಸ್‌ಎಂಪಿಎಸ್‌ಗಳ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಅಂದರೆ ನಮ್ಮ ಭಾಗದಲ್ಲಿ ಬೇಸಿಗೆಯ ಸಂಜೆ ವೋಲ್ಟೇಜ್ ಇಳಿಯುವುದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆ ಏರಿಳಿತವನ್ನು ತಾಳಿಕೊಂಡು ಒಳಗಿನ ಭಾಗಗಳಿಗೆ ಸಮನಾದ ವಿದ್ಯುತ್ತನ್ನು ಕೊಡುವುದಕ್ಕಾಗಿಯೇ ಅದನ್ನು ಮಾಡಿರುವುದು. ಅದನ್ನು ಸುಡುವಷ್ಟು ವೋಲ್ಟೇಜ್ ಬರುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಒಂದು, ಹತ್ತಿರದಲ್ಲಿ ಸಿಡಿಲು ಬಿದ್ದಾಗ. ಇನ್ನೊಂದು, ಮೂರು ಫೇಸ್‌ನ ಮಾರ್ಗದಲ್ಲಿ ನ್ಯೂಟ್ರಲ್ ತಂತಿ ಕಡಿದು 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರಕ್ಕೆ ಏರಿದಾಗ. ಎರಡನೆಯದು ನಡೆದರೆ ಒಂದು ಮನೆಯ ಒಂದು ಸಾಮಾನು ಮಾತ್ರ ಸುಡುವುದಿಲ್ಲ. ಫ್ಯಾನು, ಫ್ರಿಜ್ಜು, ಟಿವಿ ಎಂದು ಓಣಿಯ ತುಂಬ ಗೋಳು ಏಳುತ್ತದೆ. ನಿಮ್ಮ ಮಾನಿಟರ್ ಉಳಿದಿದೆ, ಬಲ್ಬುಗಳು ಉಳಿದಿವೆ, ನಡುವೆ ಇದ್ದ ಯುಪಿಎಸ್ ಕೂಡ ಉಳಿದಿದೆ. ಇದನ್ನು ನಾನು ಬಲವಾದ ಸಾಕ್ಷ್ಯವೆಂದು ಎಣಿಸುತ್ತೇನೆ. ಆದರೆ ಮೇ ತಿಂಗಳೆಂದರೆ ಗುಡುಗು ಸಿಡಿಲಿನ ಅಡ್ಡಮಳೆಯ ಕಾಲವೂ ಹೌದು. ಆ ಸಂಜೆ ಸಿಡಿಲು ಇತ್ತೇ ಎಂಬುದನ್ನು ನೀವೇ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಿ. ಇದ್ದರೆ ಕಂಪನಿಯ ಮಾತಿನಲ್ಲಿ ಹುರುಳಿರಬಹುದು.

ಒಳಗೆ ನೋಡಿದರೂ ಗುರುತು ಸಿಗುತ್ತದೆ. ವಿದ್ಯುತ್ ಒಳಬರುವ ಬಾಯಿಯಲ್ಲಿಯೇ ಒಂದು ಫ್ಯೂಸ್ ಮತ್ತು ಅದರ ಪಕ್ಕದಲ್ಲಿ ಬಿಲ್ಲೆಯ ಆಕಾರದ ವೇರಿಸ್ಟರ್ ಇರುತ್ತದೆ. ಹೊರಗಿನಿಂದ ಹೆಚ್ಚಿನ ವೋಲ್ಟೇಜ್ ನುಗ್ಗಿದರೆ ಮೊದಲು ಒಡೆದು ಕಪ್ಪಾಗುವುದು ಆ ಬಿಲ್ಲೆ, ಜೊತೆಗೆ ಹಾರುವುದು ಆ ಫ್ಯೂಸ್. ಇವೆರಡೂ ನೆಟ್ಟಗಿದ್ದು ಒಳಗಿನ ಕೆಪ್ಯಾಸಿಟರ್ ಉಬ್ಬಿದ್ದರೆ, ಅದು ಬಿಸಿಯಿಂದಲೋ ಕಳಪೆ ಬಿಡಿಭಾಗದಿಂದಲೋ ಆದದ್ದು. ಕೆಪ್ಯಾಸಿಟರ್‌ನ ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ನಮ್ಮ ಕೆಲಸದಲ್ಲಿ ಎಲ್ಲರೂ ಬಲ್ಲ ಲೆಕ್ಕ. ಹೊರಗೆ 42 ಡಿಗ್ರಿ ಇರುವ ಕಲಬುರಗಿಯ ಬೇಸಿಗೆಯಲ್ಲಿ ಪೆಟ್ಟಿಗೆಯ ಒಳಗೆ ಎಷ್ಟಿರುತ್ತದೆ ಎಂಬುದನ್ನು ನೀವೇ ಊಹಿಸಿ.

ಇಷ್ಟು ಹೇಳಿದೆನೆಂದು ನೀವು ಸ್ಕ್ರೂಡ್ರೈವರ್ ಹಿಡಿದು ಕೂರಬೇಡಿ. ಮೇಲಿನ ಸ್ಟಿಕ್ಕರ್ ಹರಿದರೆ ಕಂಪನಿಗೆ ನಿರಾಕರಿಸಲು ಎರಡನೆಯ ಕಾರಣ ಸಿಗುತ್ತದೆ; ಅದಕ್ಕಿಂತ ಮುಖ್ಯವಾಗಿ, ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಜೀವಕ್ಕೆ ಕುತ್ತು ತರುವಷ್ಟು ವಿದ್ಯುತ್ ಉಳಿದಿರಬಹುದು. ಒಳಗಿನ ಫೋಟೋ ತೋರಿಸಬೇಕಾದವರು ತೆರೆದು ನೋಡಿದೆವೆಂದು ಹೇಳುವ ಸರ್ವಿಸ್ ಸೆಂಟರ್‌ನವರು.

ಒಂದು ಸಣ್ಣ ಮಾತು ಉಳಿಯಿತು. ಚೀಲದಲ್ಲಿ ಮರಳಿ ಬಂದದ್ದು ನಿಮ್ಮದೇ ಎಸ್‌ಎಂಪಿಎಸ್ ಹೌದೇ? ಅದರ ಮೇಲಿನ ಸೀರಿಯಲ್ ನಂಬರನ್ನು ನಿಮ್ಮ ಪೆಟ್ಟಿಗೆಯ ಮೇಲಿನದರೊಂದಿಗೆ ಹೋಲಿಸಿ ನೋಡಿ. ಒಂದೇ ಮಾಡೆಲ್‌ನ ಹತ್ತು ಪೀಸುಗಳು ಒಂದೇ ಡಬ್ಬದಲ್ಲಿ ಹೋಗಿ ಬರುವಾಗ ಅದಲು ಬದಲಾಗುವುದನ್ನು ನಾನು ಕಂಡಿದ್ದೇನೆ.

ಉತ್ತರ: ವಕೀಲ ವೃತ್ತಿಯವರು, ಕಲಬುರಗಿ

ಪ್ರಶ್ನೆ ಕೇಳಿದವರು ದಾಖಲೆಗಳನ್ನು ಸಾಕಷ್ಟು ಎಚ್ಚರಿಕೆಯಿಂದ ಇಟ್ಟುಕೊಂಡಿದ್ದಾರೆ. ಪಕ್ಕಾ ಬಿಲ್ ಒಂದನ್ನು ಬಿಟ್ಟು. ಆದ್ದರಿಂದ ಮೊದಲು ಅದನ್ನೇ ನೋಡೋಣ.

ಈಗ ಜಾರಿಯಲ್ಲಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದು 2020ರ ಜುಲೈ 20ರಿಂದ ಜಾರಿಗೆ ಬಂದು 1986ರ ಹಳೆಯ ಕಾಯ್ದೆಯ ಸ್ಥಾನವನ್ನು ಪಡೆಯಿತು. ಅದರ ಪ್ರಕಾರ ಹಣ ಕೊಟ್ಟು ಸರಕು ಕೊಂಡವನು ಗ್ರಾಹಕನೇ ಹೊರತು, ಜಿಎಸ್‌ಟಿ ಬಿಲ್ ಹೊಂದಿದವನು ಮಾತ್ರ ಗ್ರಾಹಕ ಎಂದು ಎಲ್ಲಿಯೂ ಹೇಳಿಲ್ಲ. ನೀವು ಹಣ ಕೊಟ್ಟಿದ್ದೀರಿ ಎಂಬುದನ್ನು ನಿಮ್ಮ ಯುಪಿಐ ದಾಖಲೆಯೂ ಬ್ಯಾಂಕಿನ ಲೆಕ್ಕವೂ ತೋರಿಸುತ್ತವೆ. ಏನನ್ನು ಕೊಂಡಿರಿ, ಎಷ್ಟು ವರ್ಷದ ವಾರಂಟಿಯ ಮಾತು ಆಗಿತ್ತು ಎಂಬುದನ್ನು ಮೊಹರು ಹಾಕಿದ ಚೀಟಿ ತೋರಿಸುತ್ತದೆ. ಮಾರಿದ ಸರಕಿಗೆ ಬಿಲ್ ಕೊಡದಿರುವುದನ್ನು ಇದೇ ಕಾಯ್ದೆಯ ಕಲಂ 2(47) ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದೆಂದು ಎಣಿಸಿದೆ. ಹಾಗಾಗಿ ಬಿಲ್ ಇಲ್ಲವೆಂಬುದನ್ನು ಅಂಗಡಿಯವರು ತಮ್ಮ ರಕ್ಷಣೆಗೆ ಎತ್ತಿದರೆ ಅದು ಅವರಿಗೇ ಮುಳ್ಳಾಗುತ್ತದೆ. ಆದರೆ ತೆರಿಗೆ ಉಳಿಸುವ ಆಸೆಗೆ ನೀವೂ ಒಪ್ಪಿದ್ದಿರಿ ಎಂಬ ಸಂಗತಿ ವಿಚಾರಣೆಯಲ್ಲಿ ಹೊರಬಂದೇ ಬರುತ್ತದೆ. ಅದನ್ನು ಮುಚ್ಚಿಡದೆ ದೂರಿನಲ್ಲಿ ನೀವೇ ಹೇಳಿಕೊಳ್ಳುವುದು ಒಳ್ಳೆಯದು.

"ಒಮ್ಮೆ ಮಾರಿದ ಮಾಲನ್ನು ಮರಳಿ ಪಡೆಯುವುದಿಲ್ಲ" ಎಂಬ ಅಚ್ಚಿನ ಸಾಲಿಗೆ ಹೆದರಬೇಕಾಗಿಲ್ಲ. ದೋಷವುಳ್ಳ ಸರಕನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಮರಳಿ ಪಡೆಯಲು ನಿರಾಕರಿಸುವುದು ಕೂಡ ಅದೇ ಕಲಂನಲ್ಲಿ ಅನುಚಿತ ಪದ್ಧತಿಯೇ. ನಿಮ್ಮ ವಿಷಯದಲ್ಲಿ 15 ತಿಂಗಳು ಕಳೆದಿರುವುದರಿಂದ ಆ ಭಾಗ ಅನ್ವಯಿಸುವುದಿಲ್ಲ. ನೀವು ನಿಲ್ಲಬೇಕಾದದ್ದು ವಾರಂಟಿಯ ಮಾತಿನ ಮೇಲೆ.

ಇನ್ನು ನಿರಾಕರಣೆಯ ವಿಚಾರ. ವಾರಂಟಿಯ ಷರತ್ತುಗಳಲ್ಲಿ ಸಿಡಿಲು, ಹೆಚ್ಚಿನ ವೋಲ್ಟೇಜ್, ನೀರು, ತಪ್ಪು ಬಳಕೆ ಇವುಗಳನ್ನು ಹೊರಗಿಡುವುದು ರೂಢಿ, ಅದು ತಪ್ಪೂ ಅಲ್ಲ. ಆದರೆ ಆ ಷರತ್ತನ್ನು ಹಿಡಿದು ತಪ್ಪಿಸಿಕೊಳ್ಳುವವರು ಅದನ್ನು ಕಾರಣ ಸಹಿತ ತೋರಿಸಬೇಕಾಗುತ್ತದೆ. ಬಾಯಿಮಾತಿನ ನಿರಾಕರಣೆ ಎಷ್ಟು ದಿನ ಬೇಕಾದರೂ ರೂಪ ಬದಲಿಸಬಲ್ಲದು: ಇಂದು ವೋಲ್ಟೇಜ್ ಎಂದವರು ನಾಳೆ ಧೂಳು ಎನ್ನಬಹುದು, ನಾಡಿದ್ದು ಬಿಲ್ ಇಲ್ಲ ಎನ್ನಬಹುದು. ಕಾಗದದ ಮೇಲೆ ಒಂದು ಕಾರಣಕ್ಕೆ ಕಟ್ಟುಬಿದ್ದ ಮೇಲೆ ಅವರಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ. ಆದ್ದರಿಂದ ಆಯೋಗದ ಮಾತನ್ನು ಈಗಲೇ ಎತ್ತದೆ, ಅಂಗಡಿಗೂ ಕಂಪನಿಯ ಭಾರತದ ಕಚೇರಿಗೂ ಒಂದೇ ಒಕ್ಕಣೆಯ ಪತ್ರ ಬರೆಯಿರಿ. ಕೊಂಡ ದಿನ, ಕೆಟ್ಟ ದಿನ, ಒಪ್ಪಿಸಿದ ದಿನ, ಮರಳಿ ಬಂದ ದಿನ, ಸೀರಿಯಲ್ ನಂಬರ್ ಇವನ್ನು ನಮೂದಿಸಿ, ಯಾವ ಪರೀಕ್ಷೆಯ ಮೇಲೆ ನಿರಾಕರಿಸಿದಿರಿ, ಫೋಟೋ ಮತ್ತು ವರದಿಯನ್ನು 15 ದಿನಗಳೊಳಗೆ ಕೊಡಿ ಎಂದು ಕೇಳಿರಿ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿರುವುದರಿಂದ ಸ್ಪೀಡ್ ಪೋಸ್ಟ್‌ನಲ್ಲಿಯೇ ಕಳುಹಿಸಿ ತಲುಪಿದ ದಾಖಲೆಯನ್ನು ತೆಗೆದಿಡಿ. ವಕೀಲರ ನೋಟೀಸೇ ಆಗಬೇಕೆಂಬ ನಿಯಮವಿಲ್ಲ. ನೀವೇ ಸಹಿ ಮಾಡಿದ ಪತ್ರ ಸಾಕು.

ಜೊತೆಗೆ 1915 ಸಂಖ್ಯೆಗೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರನ್ನು ನೋಂದಾಯಿಸಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಅವರಿಗೆ ಆದೇಶ ಮಾಡುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದರೂ ಅಂಗಡಿಯ ಕೌಂಟರನ್ನು ದಾಟಿ ಕಂಪನಿಯ ಒಳಗಿನ ಯಾರಾದರೊಬ್ಬರು ನಿಮ್ಮ ಕಡತವನ್ನು ಮೊದಲ ಬಾರಿಗೆ ತೆರೆದು ನೋಡುವುದು ಅನೇಕ ಸಲ ಈ ದೂರಿನಿಂದಲೇ.

ಇದರಿಂದಲೂ ಆಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ. ಕಂಪನಿ ಬೆಂಗಳೂರಿನಲ್ಲಿರಲಿ, ಸರ್ವಿಸ್ ಸೆಂಟರ್ ಹೈದರಾಬಾದಿನಲ್ಲಿರಲಿ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಕಲಂ 34 ಅವಕಾಶ ಕೊಟ್ಟಿದೆ. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು, ವಕೀಲರಿಲ್ಲದೆ ಸ್ವತಃ ವಾದಿಸಬಹುದು. ಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸಬೇಕು. ಅಂಗಡಿ, ಕಂಪನಿ, ಸರ್ವಿಸ್ ಸೆಂಟರ್ ಮೂವರನ್ನೂ ಎದುರುದಾರರನ್ನಾಗಿ ಮಾಡಿರಿ. ಒಬ್ಬರನ್ನು ಬಿಟ್ಟರೆ ಉಳಿದವರು ಆ ಬಿಟ್ಟವರ ಕಡೆಗೇ ಬೆರಳು ತೋರಿಸುತ್ತಾರೆ. ದೋಷ ಸಾಬೀತಾದರೆ ಆಯೋಗವು ದುರಸ್ತಿ, ಬದಲಿಗೆ ಹೊಸದು, ಬೆಲೆಯ ಮರಳಿಕೆ, ಪರಿಹಾರ, ಖರ್ಚು ಇವುಗಳಲ್ಲಿ ತಕ್ಕದ್ದನ್ನು ಕಲಂ 39ರ ಅಡಿ ಆದೇಶಿಸಬಹುದು. ವಾಟ್ಸ್‌ಆ್ಯಪ್ ಮಾತುಕತೆಯನ್ನು ಮುದ್ರಿಸಿ ಕೊಡುವುದಾದರೆ ಅದರ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವನ್ನು (ವಿದ್ಯುನ್ಮಾನ ದಾಖಲೆಯ ಬಗ್ಗೆ ಕೊಡುವ ದೃಢೀಕರಣ) ಲಗತ್ತಿಸಿರಿ.

4,900 ರೂಪಾಯಿಗೆ ಇದು ತಕ್ಕದ್ದೇ ಎಂದು ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ. ಕಾಯ್ದೆಯು ನೋಟೀಸು ತಲುಪಿದ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನವಾಗಬೇಕು ಎನ್ನುತ್ತದೆ. ನಡೆಯುವಾಗ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಪರೀಕ್ಷೆಯ ಶುಲ್ಕವನ್ನು ಮೊದಲು ನಿಮ್ಮಿಂದಲೇ ಕಟ್ಟಿಸಿಕೊಳ್ಳುವ ಅಧಿಕಾರ ಆಯೋಗಕ್ಕೆ ಇದೆ, ಮತ್ತು ಆ ಶುಲ್ಕ ಎಸ್‌ಎಂಪಿಎಸ್‌ನ ಬೆಲೆಯನ್ನು ಮೀರುವ ಸಂಭವವೂ ಉಂಟು. ಹಾಗಾಗಿ ಪತ್ರ ಮತ್ತು ಸಹಾಯವಾಣಿಯ ಹಂತದಲ್ಲಿಯೇ ಮುಗಿಸಲು ಪೂರ್ಣ ಪ್ರಯತ್ನ ಮಾಡಿರಿ. ಆ ಪತ್ರವನ್ನು ಮಾತ್ರ ಮುಂದೆ ಆಯೋಗದ ಮುಂದೆ ಇಡಬೇಕಾಗುತ್ತದೆ ಎಂದು ಭಾವಿಸಿಯೇ ಬರೆಯಿರಿ.

ಉತ್ತರ: ಕಂಪ್ಯೂಟರ್ ಅಂಗಡಿಯವರು, ಯಾದಗಿರಿ

ಅಂಗಡಿಯವರ ಪರವಾಗಿಯೂ ಒಂದೆರಡು ಮಾತು ಇರಲಿ. ಯಾದಗಿರಿಯಂಥ ಊರಿನಲ್ಲಿ ಎಸ್‌ಎಂಪಿಎಸ್ ಒಂದನ್ನು ಮಾರಿದರೆ ನಮಗೆ ಉಳಿಯುವುದು ಕೆಲವೇ ನೂರು ರೂಪಾಯಿ. ಅದು ಕೆಟ್ಟಾಗ ಹೈದರಾಬಾದಿಗೋ ಬೆಂಗಳೂರಿಗೋ ಕಳುಹಿಸುವ ಕೊರಿಯರ್ ಖರ್ಚು, ಮೇಲಿಂದ ಮೇಲೆ ಫೋನು, ಗಿರಾಕಿಯ ಸಿಟ್ಟು ಎಲ್ಲವೂ ನಮ್ಮ ತಲೆಯ ಮೇಲೆ. ನಾವು ಕಳುಹಿಸಿದ್ದು ನೇರವಾಗಿ ಕಂಪನಿಗೆ ಹೋಗುವುದಿಲ್ಲ. ನಮಗೆ ಮಾಲು ಕೊಟ್ಟ ಡಿಸ್ಟ್ರಿಬ್ಯೂಟರ್‌ನ ಬಳಿ ಒಂದಷ್ಟು ಸೇರಿದ ಮೇಲೆ ಒಟ್ಟಿಗೆ ಸರ್ವಿಸ್ ಸೆಂಟರ್‌ಗೆ ಹೋಗುತ್ತದೆ. ತಿಂಗಳುಗಳು ಕಳೆಯುವುದು ಬಹುಪಾಲು ಈ ಮಧ್ಯದ ನಿಲುಗಡೆಯಲ್ಲಿ. ಆದ್ದರಿಂದ ಗಿರಾಕಿಗಳು ಕಂಪನಿಯ ಜಾಲತಾಣದಲ್ಲಿ ತಾವೇ ಸೀರಿಯಲ್ ನಂಬರ್ ಹಾಕಿ ವಾರಂಟಿಯ ಅರ್ಜಿ ಕೊಡುವ ಅವಕಾಶ ಇದ್ದರೆ, ಹಾಗೆ ಕೊಟ್ಟು ನೇರವಾಗಿ ಕಳುಹಿಸುವುದು ಬೇಗನೆ ಆಗುವ ದಾರಿ.

ಆದರೆ ಕಚ್ಚಾ ಬಿಲ್ ವಿಷಯದಲ್ಲಿ ನನ್ನ ಸಮವೃತ್ತಿಯವರನ್ನು ನಾನು ಸಮರ್ಥಿಸುವುದಿಲ್ಲ. ಗಿರಾಕಿಗೆ ಇದರಿಂದ ಆಗುವ ನಷ್ಟ ಮೇಲ್ನೋಟಕ್ಕೆ ಕಾಣುವುದಿಲ್ಲ. ಅಧಿಕೃತ ಬಿಲ್ ಇಲ್ಲದಿದ್ದರೆ ಅನೇಕ ಕಂಪನಿಗಳು ವಾರಂಟಿಯನ್ನು ನೀವು ಕೊಂಡ ದಿನದಿಂದ ಎಣಿಸುವುದಿಲ್ಲ, ಸೀರಿಯಲ್ ನಂಬರ್‌ನಲ್ಲಿ ಅಡಗಿರುವ ತಯಾರಿಕೆಯ ತಿಂಗಳಿನಿಂದ ಎಣಿಸುತ್ತವೆ. ಮಾಲು ಗೋದಾಮಿನಲ್ಲಿ ಎಂಟು ತಿಂಗಳು ಕೂತಿದ್ದರೆ ಆ ಎಂಟು ತಿಂಗಳು ನಿಮ್ಮ ಲೆಕ್ಕಕ್ಕೆ ಹೋಯಿತು. ಬೇರೆ ದೇಶದ ಮಾರುಕಟ್ಟೆಗೆಂದು ಮಾಡಿದ ಮಾಲು ಹೇಗೋ ಇಲ್ಲಿಗೆ ಬಂದಿದ್ದರೆ, ಇಲ್ಲಿಯ ಸರ್ವಿಸ್ ಸೆಂಟರ್ ಅದನ್ನು ಮುಟ್ಟುವುದೂ ಇಲ್ಲ. 4,900 ರೂಪಾಯಿಯ ಮೇಲೆ 882 ರೂಪಾಯಿ ತೆರಿಗೆ ಉಳಿಯಿತೆಂದು ಸಂತೋಷಪಟ್ಟವರು ಇದನ್ನೂ ಲೆಕ್ಕ ಹಾಕಬೇಕು.

ಬದಲಿಯಾಗಿ ಸಿಗುವುದು ಹೊಚ್ಚ ಹೊಸದೇ ಆಗಿರುತ್ತದೆ ಎಂದೂ ನಿರೀಕ್ಷಿಸಬೇಡಿ. ಸಾಮಾನ್ಯವಾಗಿ ದುರಸ್ತಿಯಾದ ಪೀಸು ಬರುತ್ತದೆ, ಮತ್ತು ಹಳೆಯ ವಾರಂಟಿಯಲ್ಲಿ ಉಳಿದ ಅವಧಿಯಷ್ಟೇ ಅದಕ್ಕೆ ಮುಂದುವರಿಯುತ್ತದೆ. ಮತ್ತೆ ಮೂರು ವರ್ಷ ಆರಂಭವಾಗುವುದಿಲ್ಲ.

ಮರುಪ್ರಶ್ನೆ: ಡಿಟಿಪಿ ಕೆಲಸದವರು, ಕಲಬುರಗಿ

ಮೂವರಿಗೂ ಕೃತಜ್ಞತೆಗಳು. ಆ ಸಂಜೆ ಸಿಡಿಲು ಇರಲಿಲ್ಲ. ಮಳೆ ಬಂದದ್ದು ಅದರ ಮರುದಿನ ರಾತ್ರಿ. ನನ್ನ ಮನೆಯ ಹಿಂದೆ ತೊಗರಿ ಬೇಳೆಯ ಮಿಲ್ ಇದೆ, ಧೂಳಿನ ಮಾತು ಬಂದರೆ ಏನೆನ್ನಬೇಕು ಎಂಬ ಅಂಜಿಕೆಯಂತೂ ಇದೆ. ಅದಕ್ಕಿಂತ ದೊಡ್ಡ ಅನುಮಾನ ಇನ್ನೊಂದು. ಅಂಗಡಿಯವರು ಪತ್ರದ ಸುಳಿವು ಸಿಕ್ಕ ಕೂಡಲೇ, "ನೀವು ಧಂದಾಕ್ಕ ತಗೊಂಡೀರಿ, ನೀವು ಗ್ರಾಹಕರೇ ಅಲ್ಲ" ಎಂದು ಹೇಳಿದ್ದಾರೆ. ನಾನು ಹಣ ಪಡೆದು ಕೆಲಸ ಮಾಡಿಕೊಡುವುದಂತೂ ನಿಜ. ಇದು ನನ್ನ ದೂರನ್ನು ಕೆಡಿಸುತ್ತದೆಯೇ?

ಉತ್ತರ: ವಕೀಲ ವೃತ್ತಿಯವರು, ಕಲಬುರಗಿ

ಕೆಡಿಸುವುದಿಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆಯು ಗ್ರಾಹಕರ ವ್ಯಾಖ್ಯೆಯಿಂದ ಹೊರಗಿಟ್ಟಿರುವುದು ನಿಜ. ಆದರೆ ಸ್ವಉದ್ಯೋಗದಿಂದ ಜೀವನೋಪಾಯ ಗಳಿಸಲಿಕ್ಕಾಗಿಯೇ ಕೊಂಡು ತಾನೇ ಬಳಸುವ ಸರಕು ಆ ಮಾತಿಗೆ ಒಳಪಡುವುದಿಲ್ಲ ಎಂದು ಅದೇ ಕಲಂನ ವಿವರಣೆಯಲ್ಲಿ ಹೇಳಿದೆ. 1986ರ ಕಾಯ್ದೆಯ ಕಾಲದಲ್ಲಿಯೇ, 1995ರಲ್ಲಿ, ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಡಿಸಿ ಹೇಳುವಾಗ ತೆಗೆದುಕೊಂಡ ಉದಾಹರಣೆಗಳಲ್ಲಿ ಟೈಪ್‌ರೈಟರ್ ಕೂಡ ಒಂದು: ಬೇರೆಯವರ ಕಾಗದಗಳನ್ನು ಹಣಕ್ಕೆ ಟೈಪ್ ಮಾಡಿಕೊಡುವುದು ವಾಣಿಜ್ಯ ಬಳಕೆಯೇ ಆದರೂ, ಹೊಟ್ಟೆಪಾಡಿಗಾಗಿ ತಾನೇ ಕೂತು ಅದನ್ನು ಮಾಡುವವನು ಗ್ರಾಹಕನಾಗಿಯೇ ಉಳಿಯುತ್ತಾನೆ. ಸಹಾಯಕ್ಕೆ ಒಬ್ಬಿಬ್ಬರು ಇದ್ದರೂ ಆ ಸ್ಥಾನ ಹೋಗುವುದಿಲ್ಲ ಎಂದೂ ಅಲ್ಲಿ ಹೇಳಿದೆ. ನಿಮ್ಮದು ಆ ಟೈಪ್‌ರೈಟರ್‌ನ ಇಂದಿನ ರೂಪ ಎಂದರೆ ತಪ್ಪಾಗಲಾರದು. ದೂರಿನ ಮೊದಲ ಪುಟದಲ್ಲಿಯೇ "ಸ್ವಉದ್ಯೋಗದಿಂದ ಜೀವನೋಪಾಯಕ್ಕಾಗಿ" ಎಂಬ ಮಾತನ್ನು ಬರೆಯಲು ಮರೆಯಬೇಡಿ; ಅದನ್ನು ಬಿಟ್ಟ ದೂರುಗಳು ಇದೊಂದೇ ಕಾರಣಕ್ಕೆ ಎಡವುವುದುಂಟು. ಇಪ್ಪತ್ತು ಯಂತ್ರ ಇಟ್ಟು ಆಳುಗಳಿಂದ ನಡೆಸುವ ಕೇಂದ್ರವಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಧೂಳಿನ ಮಾತು ಅವರು ಎತ್ತಿಲ್ಲ. ಅವರ ಬಾಯಿಗೆ ನೀವೇ ಅದನ್ನು ಹಾಕಬೇಡಿ.

ಮುಂದಿನ ಸಂಗತಿ: ಡಿಟಿಪಿ ಕೆಲಸದವರು, ಕಲಬುರಗಿ

ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯವಾದ್ದರಿಂದ ಬರೆಯುತ್ತಿದ್ದೇನೆ. ಬೀದರಿನವರು ಹೇಳಿದ್ದನ್ನು ನಾನು ಕೊನೆಗೆ ಮಾಡಿದೆ, ಮೊದಲೇ ಮಾಡಬೇಕಾಗಿತ್ತು. ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ಇಳಿಸಿ ನೋಡಿದರೆ, ಅದರ ಮೇಲಿನ ಸೀರಿಯಲ್ ನಂಬರಿಗೂ ಚೀಲದಲ್ಲಿ ಮರಳಿ ಬಂದ ಎಸ್‌ಎಂಪಿಎಸ್‌ನ ನಂಬರಿಗೂ ಕೊನೆಯ ನಾಲ್ಕು ಅಂಕೆಗಳು ಹೊಂದುತ್ತಿರಲಿಲ್ಲ. ಯಾರದೋ ಸುಟ್ಟ ಎಸ್‌ಎಂಪಿಎಸ್ ನನ್ನ ಮನೆಗೆ ಬಂದಿತ್ತು. ಎರಡರ ಫೋಟೋಗಳನ್ನೂ ಪತ್ರಕ್ಕೆ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಅಂಗಡಿಗೂ ಕಂಪನಿಗೂ ಕಳುಹಿಸಿದೆ, ಅದೇ ದಿನ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆದೆ.

ಅಂಗಡಿಯಿಂದ ಉತ್ತರ ಬರಲಿಲ್ಲ. ಕಂಪನಿಯಿಂದ ಎರಡನೆಯ ವಾರದಲ್ಲಿ ಮಿಂಚಂಚೆ ಬಂದಿತು. ಪೆಟ್ಟಿಗೆಯ ಮೇಲಿನ ನಂಬರಿನ ಎಸ್‌ಎಂಪಿಎಸ್ ತಮ್ಮ ಸರ್ವಿಸ್ ಸೆಂಟರಿನ ದಾಖಲೆಗೆ ಬಂದೇ ಇಲ್ಲ ಎಂದು ಅವರು ತಿಳಿಸಿದ್ದರು. ಅಂದರೆ ಅದು ಮಧ್ಯದಲ್ಲಿಯೇ ಎಲ್ಲಿಯೋ ಉಳಿದಿತ್ತು, ವೋಲ್ಟೇಜ್ ಪರೀಕ್ಷೆಯ ಮಾತು ಬೇರೊಬ್ಬರ ಪೀಸಿನದ್ದಾಗಿತ್ತು. ಆ ಮಿಂಚಂಚೆಯ ಪ್ರತಿಯನ್ನು ಹಿಡಿದು ಅಂಗಡಿಗೆ ಹೋದಾಗ ಮಾಲಕರು ಡಿಸ್ಟ್ರಿಬ್ಯೂಟರ್‌ಗೆ ನನ್ನೆದುರಿಗೇ ಫೋನ್ ಮಾಡಿದರು. ಹತ್ತು ದಿನಗಳ ನಂತರ ನನ್ನದು ಪತ್ತೆಯಾಗಿ ಸರ್ವಿಸ್ ಸೆಂಟರ್ ತಲುಪಿತು, ಪರೀಕ್ಷೆಯಲ್ಲಿ ದೋಷವಿದೆಯೆಂದು ಒಪ್ಪಿಕೊಂಡರು, ದುರಸ್ತಿಯಾದ ಬೇರೊಂದು ಪೀಸು ಕಳೆದ ವಾರ ಕೈಸೇರಿತು. ಯಾದಗಿರಿಯವರು ಎಚ್ಚರಿಸಿದಂತೆಯೇ ವಾರಂಟಿಯನ್ನು ತಯಾರಿಕೆಯ ತಿಂಗಳಿನಿಂದ ಎಣಿಸಿ 2026ರ ಅಕ್ಟೋಬರ್‌ವರೆಗೆ ಮಾತ್ರ ಕೊಟ್ಟಿದ್ದಾರೆ. ಚೀಟಿಯ ಪ್ರಕಾರ ಅದು 2027ರ ಫೆಬ್ರವರಿವರೆಗೆ ಇರಬೇಕಿತ್ತು. ಈ ನಾಲ್ಕು ತಿಂಗಳನ್ನೂ, ನಡುವೆ ಕೊಂಡ ಇನ್ನೊಂದು ಎಸ್‌ಎಂಪಿಎಸ್‌ನ ಖರ್ಚನ್ನೂ ಕೇಳಬಹುದೇ?

ಉತ್ತರ: ವಕೀಲ ವೃತ್ತಿಯವರು, ಕಲಬುರಗಿ

ನಾಲ್ಕು ತಿಂಗಳ ಬಗ್ಗೆ ಕಂಪನಿಗಿಂತ ಅಂಗಡಿಯವರನ್ನು ಕೇಳುವುದು ಸರಿ, ಏಕೆಂದರೆ "3 ವರ್ಷ" ಎಂದು ಬರೆದುಕೊಟ್ಟವರು ಅವರು. ಮಾರಿದ ದಿನವನ್ನೂ ಸೀರಿಯಲ್ ನಂಬರನ್ನೂ ದೃಢಪಡಿಸಿ ಒಂದು ಪತ್ರ ಕೊಡುವಂತೆ ಕೇಳಿರಿ. ಅದನ್ನು ಕಂಪನಿಗೆ ಕಳುಹಿಸಿದರೆ ಅವಧಿಯನ್ನು ತಿದ್ದಿಕೊಡಬಹುದು. ಹಿಂದಿನ ದಿನಾಂಕ ಹಾಕಿ ಹೊಸ ಬಿಲ್ ಮಾಡಿಕೊಡುತ್ತೇವೆ ಎಂದರೆ ಮಾತ್ರ ಒಪ್ಪಿಕೊಳ್ಳಬೇಡಿ. ನಡುವೆ ಕೊಂಡದ್ದರ ಖರ್ಚನ್ನು ಆಯೋಗದ ಮುಂದೆ ಕೇಳಲು ಅಡ್ಡಿಯಿಲ್ಲ. ಮೂರು ತಿಂಗಳ ವಿಳಂಬ ಮತ್ತು ಪೀಸು ಅದಲು ಬದಲಾದದ್ದು ಸೇವಾ ನ್ಯೂನತೆಯೇ. ಅದರ ಬಿಲ್ ಇದೆಯೇ?

ಉತ್ತರ: ಡಿಟಿಪಿ ಕೆಲಸದವರು, ಕಲಬುರಗಿ

ಇದೆ. ಈ ಸಲ ಪಕ್ಕಾ ಬಿಲ್, ಸೀರಿಯಲ್ ನಂಬರ್ ಸಹಿತ. ಮಾಲಕರು ನಾಳೆ ಬರಲು ಹೇಳಿದ್ದಾರೆ. ಪತ್ರದ ಒಕ್ಕಣೆಯನ್ನು ನಾನೇ ಟೈಪ್ ಮಾಡಿಕೊಂಡು ಹೋಗುತ್ತಿದ್ದೇನೆ, ಅವರು ಮೊಹರು ಹಾಕಿದರೆ ಸಾಕು.